ಆರ್ಥರ್ ಮ್ಯಾಕನ್ ಓದು: ಕಾಲಪಟ್ಟಿ 1914ಕ್ಕೆ ಬಂದಿದೆ

ವೇಲ್ಸ್‌ನ ಅಲೌಕಿಕ ಕಥೆಗಾರ ಆರ್ಥರ್ ಮ್ಯಾಕನ್ ಅವರ ಕೃತಿಗಳನ್ನು ಅಚ್ಚಾದ ಕ್ರಮದಲ್ಲಲ್ಲದೆ ಬರೆದ ಕ್ರಮದಲ್ಲಿ ಓದುತ್ತ, ಪ್ರತಿಯೊಂದರ ಎದುರು ಎರಡೂ ವರ್ಷಗಳನ್ನು ನಮೂದಿಸುವ ಕೆಲಸ ಮುಂದುವರಿದಿದೆ.

ಹೀಗೆ ಓದಿದಾಗ 1890ರ ದಶಕದ ತೂಕ ಸ್ಪಷ್ಟವಾಗುತ್ತದೆ. 'ದಿ ಗ್ರೇಟ್ ಗಾಡ್ ಪ್ಯಾನ್' 1894ರಲ್ಲೂ 'ದಿ ತ್ರೀ ಇಂಪೋಸ್ಟರ್ಸ್' 1895ರಲ್ಲೂ ಬೇಗನೆ ಹೊರಬಂದವು. ಆದರೆ ಅದೇ ವರ್ಷ ಲೇಖಕ ಆಸ್ಕರ್ ವೈಲ್ಡ್ ಅವರ ಮೇಲೆ ಸಲಿಂಗಕಾಮದ ಮೊಕದ್ದಮೆ ನಡೆದ ಮೇಲೆ ಪ್ರಕಾಶಕರು ಇಂಥ ಬರಹಕ್ಕೆ ಹಿಂಜರಿದರು. 1897ರಲ್ಲಿ ಮುಗಿದ 'ದಿ ಹಿಲ್ ಆಫ್ ಡ್ರೀಮ್ಸ್' ಪುಸ್ತಕವಾದದ್ದು 1907ರಲ್ಲಿ. ಅದೇ ಕಾಲದ 'ಆರ್ನಮೆಂಟ್ಸ್ ಇನ್ ಜೇಡ್' 1924ರವರೆಗೆ ಕಾಯಿತು. ಈ ನಡುವೆ, 1899ರಲ್ಲಿ, ಪತ್ನಿ ಏಮಿ ಕ್ಯಾನ್ಸರಿನಿಂದ ತೀರಿಕೊಂಡರು. ಮ್ಯಾಕನ್ 1901ರಲ್ಲಿ ಫ್ರ್ಯಾಂಕ್ ಬೆನ್ಸನ್ ಅವರ ನಾಟಕ ಕಂಪನಿ ಸೇರಿ ನಟರಾದರು. ಅಚ್ಚಿನ ವರ್ಷಗಳನ್ನಷ್ಟೇ ನೋಡಿದವರಿಗೆ ಪತ್ನಿಯ ಸಾವಿಗೆ ಮೊದಲೇ 'ದಿ ಹಿಲ್ ಆಫ್ ಡ್ರೀಮ್ಸ್' ಕಾದಂಬರಿ ಸಿದ್ಧವಾಗಿತ್ತೆಂಬುದು ತಿಳಿಯುವುದೇ ಇಲ್ಲ. ನನ್ನ ಮಟ್ಟಿಗೆ ಅದೇ ಅವರ ಶ್ರೇಷ್ಠ ಕೃತಿ. ಅದರ ನಾಯಕ ಲೂಸಿಯನ್ ಬೇಸಿಗೆಯ ಬಿಸಿಲಿನಲ್ಲಿ ಹತ್ತುವ ರೋಮನ್ ಕೋಟೆಯ ದಿಬ್ಬದ ಹಿಂದೆ, 1863ರಲ್ಲಿ ಪಾದ್ರಿಯ ಮಗನಾಗಿ ಲೇಖಕರು ಹುಟ್ಟಿದ ಕಾರ್ಲಿಯನ್ ಊರಿನ ಪರಿಸರವಿದೆ.

ಈ ಹಂತದಲ್ಲಿ ಹೆಚ್ಚು ಸಮಯ ಹಿಡಿದದ್ದು 'ದಿ ಬೋಮೆನ್' (ಬಿಲ್ಲುಗಾರರು) ಎಂಬ ಸಣ್ಣಕಥೆ. 1914ರ ಸೆಪ್ಟೆಂಬರ್ 29ರಂದು, ಮ್ಯಾಕನ್ ತಾವೇ ಕೆಲಸಕ್ಕಿದ್ದ 'ಈವ್ನಿಂಗ್ ನ್ಯೂಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮೊದಲ ಮಹಾಯುದ್ಧದಲ್ಲಿ ಸೋಲಿನ ಅಂಚಿನಲ್ಲಿರುವ ಬ್ರಿಟಿಷ್ ಸೈನಿಕನೊಬ್ಬನಿಗೆ ಲಂಡನ್ನಿನ ಸಸ್ಯಾಹಾರಿ ಹೋಟೆಲೊಂದರ ತಟ್ಟೆ ನೆನಪಾಗುತ್ತದೆ. ಅದರ ಮೇಲೆ ನೀಲಿ ಬಣ್ಣದಲ್ಲಿ ಇಂಗ್ಲೆಂಡಿನ ರಕ್ಷಕ ಸಂತ ಜಾರ್ಜನ ಚಿತ್ರವೂ, ಅವನ ನೆರವನ್ನು ಬೇಡುವ ಲ್ಯಾಟಿನ್ ಸಾಲೂ ಇರುತ್ತವೆ. ಅದನ್ನು ಉಚ್ಚರಿಸಿದೊಡನೆ, 1415ರಲ್ಲಿ ಫ್ರೆಂಚರನ್ನು ಸೋಲಿಸಿದ ಅಜಿನ್‌ಕೋರ್ಟ್ ಕದನದ ಇಂಗ್ಲಿಷ್ ಬಿಲ್ಲುಗಾರರು ನೆರಳುಗಳಂತೆ ಸಾಲುಗಟ್ಟುತ್ತಾರೆ. ಯುದ್ಧಭೂಮಿಯ ನಡುವೆ ಊಟದ ತಟ್ಟೆಯನ್ನು ತಂದಿಟ್ಟ ಈ ಧೈರ್ಯವೇ ಕಥೆಯನ್ನು ನಂಬಿಸುತ್ತದೆಂದು ನನಗನ್ನಿಸುತ್ತದೆ. ಓದುಗರು ನಂಬಿದ್ದೂ ಹಾಗೆಯೇ: ಚರ್ಚಿನ ಪತ್ರಿಕೆಗಳು ಮರುಮುದ್ರಣಕ್ಕೆ ಅನುಮತಿ ಕೇಳಿದವು, ಬಿಲ್ಲುಗಾರರು ಕ್ರಮೇಣ ಜನರ ಬಾಯಲ್ಲಿ, ಬೆಲ್ಜಿಯಂನ ಮಾನ್ಸ್ ಕದನದಲ್ಲಿ ಬ್ರಿಟಿಷರನ್ನು ಕಾಪಾಡಿದ ದೇವದೂತರಾದರು, ಇದೆಲ್ಲ ತಮ್ಮ ಕಲ್ಪನೆಯೆಂದು ಮ್ಯಾಕನ್ ಎಷ್ಟು ಹೇಳಿದರೂ ವದಂತಿ ನಿಲ್ಲಲಿಲ್ಲ.

ಮುಂದಿನ ಓದಿಗೆ 1915ರ 'ದಿ ಗ್ರೇಟ್ ರಿಟರ್ನ್' ಅನ್ನು ತೆಗೆದಿಟ್ಟಿದ್ದೇನೆ. ಅದಾದ ಮೇಲೆ 1922ರ ಆತ್ಮಕಥನ 'ಫಾರ್ ಆಫ್ ಥಿಂಗ್ಸ್' ಹಿಡಿದು, ಅಲ್ಲಿ ಬರುವ ಬಾಲ್ಯದ ಸ್ಥಳಗಳನ್ನು ಕಾಲಪಟ್ಟಿಯ ಆರಂಭಕ್ಕೆ ಸೇರಿಸಬೇಕಿದೆ.