ಮರಿಗಳು, ಅವಳು, ರಾತ್ರಿಯ ಅತಿಥಿಗಳು

ಟೊರೊಂಟೊದ ನಮ್ಮ ಮನೆಯಲ್ಲಿ ಈಗ ತಬ್ಬಲಿ ಬೆಕ್ಕಿನ ಮರಿಗಳಿವೆ. ಬೆಳೆಸಿ ಬೇರೆ ಮನೆಗೆ ಕೊಡಬೇಕು. ಎರಡು ಮೂರು ಗಂಟೆಗೊಮ್ಮೆ ಎದ್ದು ಬಾಟಲಿಯಲ್ಲಿ ಕುಡಿಸುತ್ತೇನೆ. ಹಸುವಿನ ಹಾಲಲ್ಲ, ಅದು ಭೇದಿ ತರಿಸುತ್ತದೆ; ಮರಿಗಳಿಗೆಂದೇ ಸಿಗುವ ಪುಡಿಹಾಲು. ಆಮೇಲೆ ತಾಯಿ ನೆಕ್ಕುವಂತೆ ಒದ್ದೆ ಬಟ್ಟೆಯಿಂದ ಒರೆಸಿದರೆ ಮಾತ್ರ ಉಚ್ಚೆ ಹೊಯ್ಯುತ್ತವೆ.

ಹಿತ್ತಲಿಗೆ ಬರುವ ಬೀದಿಬೆಕ್ಕಿನ ಕಿವಿಯ ತುದಿ ಕತ್ತರಿಸಿದೆ, ಸಂತಾನಹರಣ ಆಗಿದೆ ಎಂಬ ಗುರುತು. ಅವಳು ಹತ್ತಿರ ಸೇರಿಸುವುದಿಲ್ಲ. ಮುಟ್ಟದೆಯೂ ಒಂದು ಜೀವವನ್ನು ಇಷ್ಟೊಂದು ಹಚ್ಚಿಕೊಳ್ಳಬಹುದೇ ಎಂದು ಬೆರಗಾಗುತ್ತದೆ.

ಕತ್ತಲಾಗುವ ಮುನ್ನ ಅವಳ ತಟ್ಟೆ ಎತ್ತಿಡುತ್ತೇನೆ, ರಕೂನ್ ಎಂಬ ಇಲ್ಲಿನ ಕಾಡುಪ್ರಾಣಿಗಳು ಬರುತ್ತವೆ. ಮುಂಗಾಲಿನಿಂದ ಎಲ್ಲವನ್ನೂ ತಡವಿ ತಡವಿ ಅರಿಯುವ ಅವುಗಳನ್ನು ಕಿಟಕಿಯಿಂದ ನೋಡುವುದೆಂದರೆ ನನಗೆ ಪ್ರಾಣ. ಆದರೆ ರೇಬೀಸ್ ಮತ್ತು ಪ್ರಾಣಿಗಳಿಗೆ ಬರುವ ಡಿಸ್ಟೆಂಪರ್ ಎಂಬ ಸೋಂಕುರೋಗದ ಭಯವಿರುವುದರಿಂದ ಊಟ ಹಾಕುವುದಿಲ್ಲ.

ಇಲ್ಲಿನ ಕನ್ನಡಿಗರಲ್ಲಿ ಮರಿ ಬೇಕೆನ್ನುವವರಿದ್ದರೆ ತಿಳಿಸಿ. ಜೋಡಿಯಾಗಿ ಒಯ್ದರೆ ಇನ್ನೂ ಸಂತೋಷ.