ಇನ್ನಷ್ಟು ಜನರನ್ನು ಹಾಕಿದರಾಯಿತಲ್ಲವೇ?

ಹತ್ತಾರು ಜನ ಒಂದೇ ರಣರಂಗದಲ್ಲಿ (ನಮ್ಮ ಭಾಷೆಯಲ್ಲಿ ‘ಮ್ಯಾಪ್’) ಗುಂಡು ಹಾರಿಸುತ್ತಾ ಕಾದಾಡುವ ಶೂಟರ್ ವಿಡಿಯೊ ಆಟಗಳ ವಿನ್ಯಾಸ ನನ್ನ ಉದ್ಯೋಗವೆಂದು ತಿಳಿದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ: “ಒಂದು ಮ್ಯಾಪಿಗೆ 64 ಜನ ಮಾತ್ರ ಏಕೆ? ಇನ್ನಷ್ಟು ಜನರನ್ನು ಹಾಕಿದರೆ ಆಟ ಇನ್ನೂ ಚೆನ್ನಾಗಿರುತ್ತದಲ್ಲವೇ?” ಮೊದಮೊದಲು ಇದಕ್ಕೆ ಸಮಾಧಾನದಿಂದಲೇ ಉತ್ತರಿಸುತ್ತಿದ್ದೆ. ಈಗ ಆ ಸಮಾಧಾನ ಮುಗಿದಿರುವುದರಿಂದ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಉತ್ತರ: ಇಲ್ಲ, ಚೆನ್ನಾಗಿರುವುದಿಲ್ಲ.

ನನ್ನನ್ನು ಕೆರಳಿಸುವುದು ಪ್ರಶ್ನೆಗಿಂತ ಹೆಚ್ಚಾಗಿ ಅದರಲ್ಲಿರುವ ‘ಹಾಕಿದರೆ’ ಎಂಬ ಪದ. ಪೆಟ್ಟಿಗೆಯಲ್ಲಿ ಇನ್ನೂ ಜಾಗವಿದೆ, ನಾಲ್ಕು ಬಟ್ಟೆ ತುರುಕಿ ಎಂದಷ್ಟೇ ಸಲೀಸಾಗಿ ಅದನ್ನು ಹೇಳುತ್ತಾರೆ. 32 ಜನರ ಎರಡು ಪಡೆಗಳಿದ್ದರೆ ಪರಸ್ಪರ ಗುರಿಯಿಡಬಲ್ಲ ಎದುರಾಳಿ ಜೋಡಿಗಳು 1,024. ಪಡೆಗಳನ್ನು 64ಕ್ಕೆ ಏರಿಸಿದರೆ 4,096. ಜನ ಇಮ್ಮಡಿಯಾದರೆ ಅಪಾಯ ನಾಲ್ಕು ಪಟ್ಟಾಗುತ್ತದೆ. ಪ್ರತಿಯೊಬ್ಬನ ಚಲನೆಯನ್ನೂ ಉಳಿದವರಿಗೆಲ್ಲ ತಿಳಿಸಬೇಕಾದ ಸರ್ವರ್‌ನ ಕಷ್ಟವೂ ಇದೇ ಲೆಕ್ಕದಲ್ಲಿ ಬೆಳೆಯುತ್ತದೆ. ದೂರದಲ್ಲಿರುವವರ ಸುದ್ದಿಯನ್ನು ಸೋಸಿ, ಕಡಿಮೆ ಸಲ ಕಳುಹಿಸಿ ಅದು ಹೇಗೋ ನಿಭಾಯಿಸುತ್ತದೆ. ಮನುಷ್ಯನ ಕಣ್ಣಿಗೆ ಅಂಥ ಜರಡಿಯಿಲ್ಲ. “ಹಾಗಾದರೆ ಮ್ಯಾಪನ್ನು ದೊಡ್ಡದು ಮಾಡಿ” ಎಂಬುದು ಮುಂದಿನ ಸಲಹೆ. ಮಾಡಬಹುದು. ಆದರೆ ಸ್ನೈಪರ್‌ನ ಗುಂಡನ್ನು ತಡೆಯುವುದು ವಿಸ್ತೀರ್ಣವಲ್ಲ, ಗೋಡೆ, ದಿಬ್ಬ ಮತ್ತು ಹಳ್ಳ. ಬಯಲನ್ನು ಹಿಗ್ಗಿಸಿದಷ್ಟೂ ಸಾಯಲಿಕ್ಕೆ ಓಡಬೇಕಾದ ದೂರವಷ್ಟೇ ಹೆಚ್ಚುತ್ತದೆ.

ಇದು ನನ್ನೊಬ್ಬನ ಹಟವೆಂದು ಭಾವಿಸುವವರು ಈ ಪ್ರಕಾರದ ಇತಿಹಾಸವನ್ನು ನೋಡಬಹುದು. 2002ರ ‘ಬ್ಯಾಟಲ್‌ಫೀಲ್ಡ್ 1942’ 64 ಜನರನ್ನು ಒಂದೇ ಮ್ಯಾಪಿನಲ್ಲಿ ಕಾದಾಡಿಸಿತು. 2021ರಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 2042’ ಆ ಸಂಖ್ಯೆಯನ್ನು ಪಿಸಿ ಮತ್ತು ಹೊಸ ಪೀಳಿಗೆಯ ಕನ್ಸೋಲ್‌ಗಳಲ್ಲಿ 128ಕ್ಕೆ ಏರಿಸಿತು. ಮರೆಯಿಲ್ಲದ ಬಯಲುಗಳ ಬಗ್ಗೆ ದೂರುಗಳು ಬಂದವು, ಮರುವರ್ಷವೇ ಕೆಲವು ಮ್ಯಾಪುಗಳನ್ನು ತಿದ್ದಲಾಯಿತು, ಒಂದು ಬಗೆಯ ಪಂದ್ಯವನ್ನು ಮತ್ತೆ 64ಕ್ಕೆ ಇಳಿಸಲಾಯಿತು. 2025ರ ‘ಬ್ಯಾಟಲ್‌ಫೀಲ್ಡ್ 6’ ಪುನಃ 64ಕ್ಕೇ ಬಂದು ನಿಂತಿತು. ಇದಕ್ಕೆ ಅಪವಾದಗಳಿಲ್ಲವೆಂದು ನಾನು ವಾದಿಸುವುದಿಲ್ಲ. 2010ರ ‘ಮ್ಯಾಗ್’ 256 ಜನರನ್ನು ಆಡಿಸಿತು; ಆದರೆ ಎಂಟು ಜನರ ಸ್ಕ್ವಾಡ್, ಅಂಥ ನಾಲ್ಕು ಸೇರಿ ಒಂದು ಪ್ಲಟೂನ್, ನಾಲ್ಕು ಪ್ಲಟೂನ್ ಸೇರಿ ಒಂದು ಪಡೆ ಎಂದು ಕಟ್ಟಿದ್ದರಿಂದ, ಆಟಗಾರನಿಗೆ ನಿಜವಾಗಿ ಜೊತೆಯಾಗುತ್ತಿದ್ದವರು ಏಳೇ ಮಂದಿ. ಅಲ್ಲಿ ಕೆಲಸ ಮಾಡಿದ್ದು 256 ಎಂಬ ಸಂಖ್ಯೆಗಿಂತ ಎಂಟು ಎಂಬ ಸಂಖ್ಯೆ.

ಇನ್ನು ನನ್ನ ತಪ್ಪೊಪ್ಪಿಗೆ. ಹಲವು ವರ್ಷಗಳ ಹಿಂದೆ, ಬಿಡುಗಡೆಯಾಗದೆ ಹೋದ ಒಂದು ಆಟದ ಸೆಟ್ಟಿಂಗ್ಸ್ ಕಡತದಲ್ಲಿ 64 ಎಂದಿದ್ದ ಕಡೆ 96 ಎಂದು ಬರೆದವನು ನಾನೇ. ಪ್ರಶ್ನೆ ಕೇಳುವವರ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ ಪಾಲು, ಒಂದು ಕಾಲಕ್ಕೆ ನಾನೂ ಅವರಂತೆಯೇ ಯೋಚಿಸಿದ್ದೆನೆಂಬುದಕ್ಕೆ ಸಲ್ಲಬೇಕು. ಆ ಸಂಜೆಯ ಪ್ಲೇಟೆಸ್ಟ್‌ನಲ್ಲಿ ಒಬ್ಬ ಆಟಗಾರ್ತಿಯ ಹಿಂದೆ ಕೈಕಟ್ಟಿ ನಿಂತಿದ್ದೆ. ಆಡುವವರಿಗೆ ಏನನ್ನೂ ಹೇಳಿಕೊಡಬಾರದೆಂಬುದು ಇಂಥ ಪರೀಕ್ಷೆಗಳ ನಿಯಮ. ಆಕೆ ನೆಲೆಯಿಂದ ಹೊರಟು ಸುಮಾರು ಒಂದು ನಿಮಿಷ ಓಡಿ, ಯಾರನ್ನೂ ಕಾಣದೆ, ಎಲ್ಲಿಂದಲೋ ಬಂದ ಗುಂಡಿಗೆ ಸತ್ತರು. ಮತ್ತೆ ಹೊರಟರು, ಮತ್ತೆ ಸತ್ತರು. ನಾಲ್ಕನೆಯ ಸಲ ಓಡುವುದನ್ನೇ ಬಿಟ್ಟು, ನಮ್ಮ ಚಿತ್ರಕಲಾವಿದರು ಬಹಳ ಆಸ್ಥೆಯಿಂದ ರೂಪಿಸಿದ್ದ ನದಿಯ ದಂಡೆಗೆ ಹೋಗಿ ನೀರು ನೋಡುತ್ತಾ ನಿಂತರು. ಕೊನೆಯಲ್ಲಿ ಕೊಟ್ಟ ಪ್ರಶ್ನಾವಳಿಯಲ್ಲಿ “ನಿಮಗೆ ಹೆಚ್ಚು ಇಷ್ಟವಾದದ್ದು” ಎಂಬುದರ ಮುಂದೆ ಆಕೆ ಬರೆದದ್ದು “ನದಿ”. ಕಲಾವಿದರು ಆ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡರು.

ಆಗ ನನಗೆ ಹೊಳೆದದ್ದು, ಎಷ್ಟು ಜನ ಆಡುತ್ತಿದ್ದಾರೆ ಎಂಬುದಕ್ಕಿಂತ, ಸತ್ತವನು ಮತ್ತೆ ಎಲ್ಲಿ ಹುಟ್ಟುತ್ತಾನೆ ಎಂಬುದೇ ಮುಖ್ಯವೆಂದು. ಇದನ್ನು ಯಾರಾದರೂ ಕೇಳಿದ್ದರೆ ಇಡೀ ದಿನ ಕುಳಿತು ಮಾತನಾಡುತ್ತಿದ್ದೆ. ಇದುವರೆಗೆ ಒಬ್ಬರೂ ಕೇಳಿಲ್ಲ. ಇಂಥ ಆಟದಲ್ಲಿ ಒಬ್ಬನು ಕೊಂದರೆ ಇನ್ನೊಬ್ಬನು ಸತ್ತಿರಲೇಬೇಕು. ಆದ್ದರಿಂದ ಸರಾಸರಿ ಆಟಗಾರನು ಕೊಂದಷ್ಟೇ ಸಲ ಸಾಯುತ್ತಾನೆ, ತನ್ನದೇ ಗ್ರೆನೇಡಿಗೆ ಬಲಿಯಾಗುವವರನ್ನೂ ಎಣಿಸಿದರೆ ತುಸು ಹೆಚ್ಚೇ. ಎಲ್ಲರಿಗೂ ಇಷ್ಟು ಖಚಿತವಾಗಿ ದೊರಕುವ ಅನುಭವ ಆಟದಲ್ಲಿ ಇನ್ನೊಂದಿಲ್ಲದಿರುವಾಗ, ಅದರ ಬೆನ್ನಿಗೇ ಬರುವ ಮರುಹುಟ್ಟಿನ ಬಗ್ಗೆ ಯಾರಿಗೂ ಕುತೂಹಲವಿಲ್ಲದಿರುವುದು ನನಗೆ ಅರ್ಥವಾಗುವುದಿಲ್ಲ. ಸೆಕೆಂಡಿಗೆ ಆರು ಮೀಟರ್ ಓಡುವವನನ್ನು 360 ಮೀಟರ್ ಹಿಂದೆ ಹುಟ್ಟಿಸಿದರೆ ಅವನ ಒಂದು ನಿಮಿಷವನ್ನು ವಿನ್ಯಾಸಕಾರನು ಕಸಿದುಕೊಂಡಂತೆ. ಕಾಳಗದ ನಡುವೆಯೇ ಹುಟ್ಟಿಸಿದರೆ, ಕಷ್ಟಪಟ್ಟು ಅವನನ್ನು ಕೊಂದವನ ಶ್ರಮವನ್ನು ಕಸಿದುಕೊಂಡಂತೆ.

ಒಳ್ಳೆಯ ಆಟಗಳು ಈ ಎರಡರ ನಡುವಿನ ದಾರಿಯನ್ನು ಒಂದೊಂದು ರೀತಿಯಲ್ಲಿ ಕಂಡುಕೊಂಡಿವೆ. 2005ರ ‘ಬ್ಯಾಟಲ್‌ಫೀಲ್ಡ್ 2’ ಸ್ಕ್ವಾಡಿನ ನಾಯಕನ ಬಳಿ ಹುಟ್ಟಲು ಅವಕಾಶ ಕೊಟ್ಟಿತು. ಹಾಗಾಗಿ ನಾಯಕನು ಬದುಕಿರುವುದೇ ಒಂದು ಕೆಲಸವಾಯಿತು, ಮುನ್ನುಗ್ಗುವ ಶೂರನಿಗಿಂತ ಪೊದೆಯಲ್ಲಿ ಅಡಗಿದ ಹೇಡಿಯೇ ತಂಡಕ್ಕೆ ಹೆಚ್ಚು ಉಪಕಾರಿಯಾದನು. 2012ರ ‘ಪ್ಲಾನೆಟ್‌ಸೈಡ್ 2’ರಲ್ಲಿ ಸಂಡರರ್ ಎಂಬ ವಾಹನವನ್ನು ನಿಲ್ಲಿಸಿದ ಕಡೆಯೇ ಹುಟ್ಟುವ ಜಾಗವಾಗುತ್ತದೆ, ಅದನ್ನು ಎಲ್ಲಿ ನಿಲ್ಲಿಸಬೇಕು, ಯಾರು ಕಾಯಬೇಕು ಎಂಬುದರ ಮೇಲೆಯೇ ಅಲ್ಲಿನ ಎಷ್ಟೋ ದಾಳಿಗಳು ನಿಂತಿವೆ. ‘ಹೆಲ್ ಲೆಟ್ ಲೂಸ್’ನಲ್ಲಿ ಆಟಗಾರರೇ ಕಟ್ಟುವ ಗ್ಯಾರಿಸನ್ ಎಂಬ ಹುಟ್ಟುವ ನೆಲೆ, ಶತ್ರುಗಳು ಸಮೀಪಿಸಿದಾಗ ಕೆಲಸ ನಿಲ್ಲಿಸುತ್ತದೆ. ಇವುಗಳಲ್ಲಿ ಹುಟ್ಟುವ ಜಾಗವನ್ನು ಆಟಗಾರರೇ ಸಂಪಾದಿಸುತ್ತಾರೆ, ಎದುರಾಳಿ ಅದನ್ನು ಕೆಡಿಸಲೂಬಲ್ಲ. ನನ್ನ ಪ್ರಕಾರ ದೊಡ್ಡ ಯುದ್ಧವನ್ನು ದೊಡ್ಡದೆನ್ನಿಸುವುದು ಇದೇ. ಬಂದೂಕಿನ ಹಾನಿಯನ್ನು 25ರಿಂದ 24ಕ್ಕೆ ಇಳಿಸಬೇಕೆ ಎಂಬ ಇನ್ನೊಂದು ಜನಪ್ರಿಯ ಜಗಳ ಇದರ ಮುಂದೆ ಏನೂ ಅಲ್ಲ. (ಎದುರಾಳಿಗೆ 100 ಅಂಕಗಳ ಜೀವವಿದ್ದರೆ ಆ ಒಂದು ಅಂಕದಿಂದ ನಾಲ್ಕು ಗುಂಡಿನ ಜಾಗದಲ್ಲಿ ಐದು ಬೇಕಾಗುತ್ತದೆ ಎಂಬುದನ್ನು ಬಲ್ಲೆ, ಅದನ್ನು ಬರೆದು ತಿಳಿಸುವ ಅಗತ್ಯವಿಲ್ಲ.)

ನಮ್ಮ ಆಟದಲ್ಲಿ ನಾವು ಮಾಡಿದ್ದು ಸರಳ. ಕಡತದಲ್ಲಿ ಮತ್ತೆ 64 ಎಂದು ಬರೆದೆವು, ಬಯಲಿನ ಉದ್ದಕ್ಕೂ ಒಂದು ಆಳವಾದ ಕಾಲುವೆ ತೋಡಿದೆವು, ಮತ್ತು ಗುಂಡಿನ ದಾಳಿಗೆ ಸಿಕ್ಕಿರದ ಸಂಗಾತಿಯ ಬಳಿ ಹುಟ್ಟಬಹುದೆಂಬ ನಿಯಮ ತಂದೆವು. ಎರಡು ವಾರಗಳ ನಂತರ ನದಿಯನ್ನು ಮೆಚ್ಚಿದ ಆ ಆಟಗಾರ್ತಿಯೇ ಮತ್ತೊಮ್ಮೆ ಪರೀಕ್ಷೆಗೆ ಬಂದರು. ಈ ಸಲ ಆಕೆ ನದಿಯ ಕಡೆ ತಿರುಗಿಯೂ ನೋಡಲಿಲ್ಲ. ಆಟ ಮುಗಿದು ಹೆಡ್‌ಫೋನ್ ತೆಗೆದಿಡುತ್ತಾ ನನ್ನತ್ತ ತಿರುಗಿ ಕೇಳಿದರು: “ಹೋದ ಸಲಕ್ಕಿಂತ ಜನರನ್ನು ಹೆಚ್ಚು ಮಾಡಿದ್ದೀರಿ, ಅಲ್ಲವೇ?”