ಓಡೋಕೂ ಕೋಚ್ ಬೇಕಾ?

ಬೇಡ.

ಉತ್ತರ ಇಷ್ಟೇ. ಆರೋಗ್ಯಕ್ಕೆ, ಖುಷಿಗೆ, ಹೊಟ್ಟೆ ಕರಗಿಸೋಕೆ, ಬೆಳಗಿನ ಹೊತ್ತು ಮನೆಯಿಂದ ಆಚೆ ಹೋಗೋಕೊಂದು ನೆಪಕ್ಕೆ ಓಡುವವರಿಗೆ ಕೋಚ್ ಬೇಡವೇ ಬೇಡ. ಒಂದು ಜೊತೆ ಶೂ ಹಾಕಿಕೊಂಡು ಹೊರಡಿ, ಉಸಿರು ಕಟ್ಟಿದರೆ ನಡೆಯಿರಿ, ಸಾಕೆನಿಸಿದರೆ ವಾಪಸ್ ಬನ್ನಿ. ನಿಮ್ಮ ದುಡ್ಡು ಉಳಿಯಿತು, ನನ್ನ ಗಂಟಲೂ ಉಳಿಯಿತು.

ಆದರೆ ಕೇಳುವವರಿಗೆ ಬೇಕಾಗಿರುವುದು ಈ ಉತ್ತರವಲ್ಲ. ನಾನು ಐದು ಸಾವಿರ, ಹತ್ತು ಸಾವಿರ ಮೀಟರ್ ಓಡುವವರಿಗೆ ತರಬೇತಿ ಕೊಡುತ್ತೇನೆ ಎಂದು ಗೊತ್ತಾದ ಕೂಡಲೇ ಎದುರಿಗಿದ್ದವರಿಗೆ ನಗು ತಡೆಯಲಾಗುವುದಿಲ್ಲ. "ಅಲ್ಲಾ ಸರ್, ಬ್ಯಾಟ್ ಹಿಡಿಯೋಕೆ ಕೋಚ್ ಬೇಕು, ಈಜೋಕೆ ಕೋಚ್ ಬೇಕು, ಒಪ್ಕೊಳ್ತೀನಿ. ಓಡೋಕೂ ಕೋಚ್ ಬೇಕಾ? ನಾಯಿ ಅಟ್ಟಿಸ್ಕೊಂಡು ಬಂದ್ರೆ ಯಾರು ಬೇಕಾದ್ರೂ ಓಡ್ತಾರೆ." ಈ ನಾಯಿ ಪ್ರತಿ ಸಲ ಬರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ನೀವು ಇನ್ನೂರು ಮೀಟರ್ ಓಡುತ್ತೀರಿ, ಆಮೇಲೆ ನಾಯಿ ಕಚ್ಚುತ್ತದೆ. ಉಳಿದ 9,800 ಮೀಟರ್ ನನ್ನ ವಿಷಯ.

ಇನ್ನು ಕೆಲವರು ಇತಿಹಾಸ ಹಿಡಿದುಕೊಂಡು ಬರುತ್ತಾರೆ. "ಅಬೆಬೆ ಬಿಕಿಲ ಬರಿಗಾಲಲ್ಲಿ ಓಡಿ ಒಲಿಂಪಿಕ್ಸ್ ಗೆದ್ದ. ಅವನಿಗ್ಯಾವ ಕೋಚ್ ಇದ್ದ?" ಇದ್ದ ಸ್ವಾಮಿ. ಓನ್ನಿ ನಿಸ್ಕಾನೆನ್ ಅಂತ, ಸ್ವೀಡನ್ನಿನವನು. ಬಿಕಿಲ ಇಥಿಯೋಪಿಯಾ ಚಕ್ರವರ್ತಿಯ ಅಂಗರಕ್ಷಕ ಪಡೆಯ ಸೈನಿಕ, ಲೆಕ್ಕವಿಟ್ಟು ತಯಾರಾಗಿ ಹೋದವನು. 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದ. ನಾಲ್ಕು ವರ್ಷದ ಮೇಲೆ ಟೋಕಿಯೋದಲ್ಲಿ, ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲವೇ ವಾರ ಕಳೆದಿದ್ದಾಗ, ಶೂ ಹಾಕಿಕೊಂಡು 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಮತ್ತೆ ಗೆದ್ದ. ಬರಿಗಾಲಿನ ಕಥೆ ಎಲ್ಲರ ಬಾಯಲ್ಲಿದೆ. ಶೂ ಹಾಕಿಕೊಂಡು ಮೂರು ನಿಮಿಷ ಬೇಗ ಓಡಿದ್ದನ್ನು ಮಾತ್ರ ಒಬ್ಬರೂ ಹೇಳುವುದಿಲ್ಲ.

ನನ್ನನ್ನು ನಿಜಕ್ಕೂ ಕಟ್ಟಿಹಾಕಬೇಕೆಂದಿದ್ದರೆ ಚೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ ಹೆಸರೆತ್ತಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000, 10,000 ಮೀಟರ್ ಎರಡನ್ನೂ ಗೆದ್ದು, ಅಲ್ಲಿಯವರೆಗೆ ಒಂದೂ ಮ್ಯಾರಥಾನ್ ಓಡಿರದವನು ಅದನ್ನೂ ಓಡಿ ಚಿನ್ನ ತಗೊಂಡ. ಅವನು ತನ್ನ ತರಬೇತಿಯನ್ನು ಬಹುಪಾಲು ತಾನೇ ಕಟ್ಟಿಕೊಂಡವನು, 400 ಮೀಟರಿನ ಸುತ್ತುಗಳನ್ನು ಹತ್ತಾರು ಸಲ ಓಡಿ ಓಡಿ. ಹಾಗಾಗಿ ತಿದ್ದುಪಡಿ: ನೀವು ಝಾಟೊಪೆಕ್ ಆಗಿದ್ದರೂ ಕೋಚ್ ಬೇಡ.

ಈಚೆಗೆ ಇತಿಹಾಸದ ಜಾಗಕ್ಕೆ ವಾಚ್ ಬಂದಿದೆ. "ಎಲ್ಲಾ ವಾಚೇ ಹೇಳುತ್ತಲ್ಲ ಸರ್, ಎದೆಬಡಿತ, ವೇಗ, ನಿದ್ದೆ, ನಾಳೆ ಎಷ್ಟು ಓಡ್ಬೇಕು ಅಂತಾನೂ." ಹೇಳುತ್ತದೆ. ನನಗೂ ವಾಚ್ ಬೇಕು, ಅದರ ಅಂಕಿಗಳನ್ನು ದಿನಾ ನೋಡುತ್ತೇನೆ. ಆದರೆ ಓಟಗಾರರು ಸುಳ್ಳು ಹೇಳುತ್ತಾರೆ, ವಾಚಿಗೂ ಹೇಳುತ್ತಾರೆ. ಕಾಲು ಹೇಗಿದೆ ಅಂದರೆ "ಆರಾಮ್ ಸರ್" ಎನ್ನುವ ಹುಡುಗಿ ಗ್ಯಾಲರಿಯ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ಅಡ್ಡಡ್ಡ ಇಳಿದಳೋ ಇಲ್ಲವೋ ಎಂದು ವಾಚ್ ನೋಡುವುದಿಲ್ಲ. ಅಡ್ಡಡ್ಡ ಇಳಿದರೆ ಆ ಸಂಜೆಯ ಇಂಟರ್ವಲ್, ಅಂದರೆ ನಡುನಡುವೆ ವಿರಾಮ ಕೊಟ್ಟು ಓಡಿಸುವ ವೇಗದ ಸುತ್ತುಗಳು, ರದ್ದು. ಅವಳು ಮುಖ ಊದಿಸಿಕೊಳ್ಳುತ್ತಾಳೆ, ಊದಿಸಿಕೊಳ್ಳಲಿ.

ಇಲ್ಲಿ ದೇಹದ ಒಂದು ಮೋಸ ಗೊತ್ತಿರಬೇಕು. ಓಡಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತಾ ಹೋಗುತ್ತವೆ. ಉಸಿರು ಹಗುರಾಗುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಇಷ್ಟು ಬೇಗ ಬದಲಾಗುವುದಿಲ್ಲ, ಅವು ತಿಂಗಳುಗಟ್ಟಲೆ ಕೇಳುತ್ತವೆ. ಎರಡನೇ ತಿಂಗಳಲ್ಲಿ ಹುಡುಗನಿಗೆ ತಾನು ಏನು ಬೇಕಾದರೂ ಓಡಬಲ್ಲೆ ಅನಿಸುವುದು, ಮೊಣಕಾಲ ಕೆಳಗಿನ ಮೂಳೆ ಇನ್ನೂ ತಯಾರಾಗದೇ ಇರುವುದು, ಎರಡೂ ಒಂದೇ ಹೊತ್ತಿಗೆ. ಆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಆ ಸೀಸನ್ ಮುಗಿಯಿತೆಂದೇ ಲೆಕ್ಕ. ಅದಕ್ಕೇ ನನ್ನ ಕೆಲಸದ ದೊಡ್ಡ ಪಾಲು "ನಿಧಾನ, ನಿಧಾನ" ಎಂದು ಕೂಗುವುದು. ಓಡಿಸೋಕೆ ಇಟ್ಟುಕೊಂಡ ಮನುಷ್ಯ ನಿಧಾನ ಮಾಡು ಅನ್ನುವುದು ನೋಡುವವರಿಗೆ ತಮಾಷೆ, ಒಪ್ಪುತ್ತೇನೆ.

ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ. ಎಂಟುನೂರು ಮೀಟರ್ ಓಡುವವನಿಗೂ ವಾರಕ್ಕೆ ಸುಮಾರು 160 ಕಿಲೋಮೀಟರ್ ಓಟದ ಬುನಾದಿ ಹಾಕಿಸಿದ. ಬಿಕಿಲ ಗೆದ್ದ ಅದೇ ರೋಮ್ ಒಲಿಂಪಿಕ್ಸ್‌ನಲ್ಲಿ, ಒಂದೇ ದಿನ, ಅವನ ಶಿಷ್ಯ ಪೀಟರ್ ಸ್ನೆಲ್ 800 ಮೀಟರ್ ಗೆದ್ದ, ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5,000 ಮೀಟರ್ ಗೆದ್ದ. ಅವನ 160 ಎಲ್ಲರಿಗೂ ನೆನಪಿದೆ. ಅಲ್ಲಿಗೆ ಮುಟ್ಟಲು ಅವರು ತಗೊಂಡ ವರ್ಷಗಳು ನೆನಪಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ಮುಟ್ಟು ನಿಂತರೆ ಮೈ ಹದವಾಗಿದೆ, ತರಬೇತಿ ಸರಿಯಾಗಿ ನಡೆದಿದೆ ಎಂದು ನಂಬುವ ಕೋಚ್‌ಗಳು ಇದ್ದರು, ಈಗಲೂ ಇದ್ದಾರೆ. ಖರ್ಚಿಗೆ ತಕ್ಕಷ್ಟು ಊಟ ಬೀಳದ ದೇಹ, ವ್ಯಾಪಾರವಿಲ್ಲದ ಬೀದಿಯ ಹಾಗೆ, ಒಂದೊಂದೇ ಬಾಗಿಲು ಹಾಕಿಕೊಳ್ಳುತ್ತಾ ಬರುತ್ತದೆ. ಮುಟ್ಟು ನಿಲ್ಲುವುದು ಅದರಲ್ಲೊಂದು, ಮೂಳೆ ಸವೆಯುವುದು ಅದರ ಪಕ್ಕದ್ದು. ಅದನ್ನು ನಾಚಿಕೆಯಿಲ್ಲದೆ ಕೇಳುವುದು, ಹುಡುಗಿ ನಾಚಿಕೆಯಿಲ್ಲದೆ ಹೇಳುವಂತೆ ಇರುವುದು, ಇದೂ ಕೋಚ್ ಕೆಲಸವೇ. ಸ್ಟಾಪ್‌ವಾಚ್ ಹಿಡಿದುಕೊಂಡು ನಿಲ್ಲುವುದಷ್ಟೇ ನಿಮಗೆ ಕಾಣುತ್ತದೆ, ಅದು ನಿಮ್ಮ ತಪ್ಪಲ್ಲ.

ತಪ್ಪು ಎಲ್ಲಿ ಅಂದರೆ, ಪ್ರಶ್ನೆ ಕೇಳುವ ಹೊತ್ತಿನಲ್ಲಿ. ಒಂದು ಕೂಟದಲ್ಲಿ ಹೆಂಗಸರ 10,000 ಮೀಟರ್ ನಡೆಯುತ್ತಿತ್ತು. ನನ್ನ ಹುಡುಗಿ ಓಡುತ್ತಿದ್ದಳು. ಗ್ಯಾಲರಿಯಲ್ಲಿ ಪಕ್ಕಕ್ಕೆ ಕೂತ ಮಹಾಶಯರು ಎಂಟನೇ ಸುತ್ತಿನಲ್ಲಿ ನನ್ನ ಕೈಲಿದ್ದ ಪೆನ್ಸಿಲು, ಚೀಟಿ ನೋಡಿ, ನಾನು ಯಾರೆಂದು ವಿಚಾರಿಸಿಕೊಂಡು, ಸರಿಯಾಗಿ ಆಗಲೇ ಕೇಳಿದರು: "ಓಡೋಕೂ ಕೋಚ್ ಬೇಕಾ?" ನಾನು ಎಣಿಸುತ್ತಿದ್ದೆ. 87, 88, 88, 88. ಒಂದೊಂದು ಸುತ್ತಿನ ಸೆಕೆಂಡು.

"ನಿಮ್ಮ ಹುಡುಗಿ ಆರನೇವಳಲ್ವಾ? ಕೂಗಿ ಹೇಳ್ಬಾರ್ದಾ ಮುಂದೆ ಹೋಗು ಅಂತ?"

ಅವಳು ಒಳಗಿನ ಅಂಚಿಗೆ ಅಂಟಿಕೊಂಡು ಓಡುತ್ತಿದ್ದಳು, ಅದಕ್ಕಾಗಿಯೇ ಎಷ್ಟೋ ಸಂಜೆ ಹೇಳಿದ್ದೆ. ಒಂದು ಲೇನ್ ಅಗಲ 1.22 ಮೀಟರ್. ಇಡೀ ಸುತ್ತನ್ನು ಎರಡನೇ ಲೇನ್‌ನಲ್ಲಿ ಓಡಿದವಳು ಏಳರಿಂದ ಏಳೂವರೆ ಮೀಟರ್ ಹೆಚ್ಚು ಓಡಿರುತ್ತಾಳೆ, 25 ಸುತ್ತಿಗೆ ಅದು ಹತ್ತಿರ ಹತ್ತಿರ ಅರ್ಧ ಸುತ್ತು. ಮುಂದಿದ್ದವಳ ಪಕ್ಕಪಕ್ಕಕ್ಕೇ ಎರಡನೇ ಲೇನ್‌ನಲ್ಲಿ ಒಬ್ಬಳು ಮೊದಲಿಂದಲೂ ಓಡುತ್ತಿದ್ದಳು, ಜನ ಅವಳಿಗೇ ಚಪ್ಪಾಳೆ ತಟ್ಟುತ್ತಿದ್ದರು. ಆಚೆ ಬದಿಯ ನೇರದಲ್ಲಿ ಎದುರುಗಾಳಿ ಬೇರೆ. ನನ್ನವಳು ಐವರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಹಾಯಾಗಿದ್ದಳು. ಆರನೇ ಜಾಗ ಅವಳು ಆರಿಸಿಕೊಂಡಿದ್ದ ಜಾಗ.

ಹದಿನಾಲ್ಕನೇ ಸುತ್ತು ಮಂದವಾಯಿತು, 91. ಮುಂದಿನ ಸುತ್ತಿನಲ್ಲಿ ಒಬ್ಬಳು ಕಿತ್ತುಕೊಂಡು ಹೋದಳು, 83. ನಾಲ್ವರು ಅವಳ ಬೆನ್ನು ಹತ್ತಿದರು. ನನ್ನವಳು ಹೋಗಲಿಲ್ಲ.

"ಹೋಯ್ತು ಬಿಡಿ," ಅಂದರು ಮಹಾಶಯರು, ಸಂತಾಪ ಸೂಚಿಸುವ ದನಿಯಲ್ಲಿ.

ನಾನು ಅವಳ ಬಲಗೈ ನೋಡುತ್ತಿದ್ದೆ. ದಣಿದಾಗ ಅವಳ ಬಲಗೈ ಎದೆಯ ಮೇಲೆ ಅಡ್ಡ ಬರುತ್ತದೆ, ಮುಷ್ಟಿಯಿಂದ ಹೆಬ್ಬೆರಳು ಎದ್ದು ನಿಲ್ಲುತ್ತದೆ. ಅವಳಿಗೇ ಇದು ಗೊತ್ತಿರಲಿಲ್ಲ, ವಿಡಿಯೋ ತೋರಿಸಿದ ಮೇಲೆ ನಂಬಿದಳು. ಆ ಸುತ್ತಿನಲ್ಲಿ ಕೈ ಸೊಂಟದ ಹತ್ತಿರ ತನ್ನ ಪಾಡಿಗೆ ಹೋಗಿ ಬರುತ್ತಿತ್ತು. ಹೆಬ್ಬೆರಳು ಒಳಗೇ ಇತ್ತು. 88.

ಪ್ರತಿ ಓಟಗಾರ್ತಿಗೂ ಒಂದು ವೇಗವಿರುತ್ತದೆ, ಅದರ ಈಚೆಗಿದ್ದಷ್ಟು ಹೊತ್ತು ಸ್ನಾಯುಗಳಲ್ಲಿ ಹುಟ್ಟಿದ್ದನ್ನು ದೇಹ ಅಲ್ಲಲ್ಲೇ ವಿಲೇವಾರಿ ಮಾಡುತ್ತದೆ, ದಾಟಿದರೆ ಬಾಕಿ ಬೆಳೆಯಲು ಶುರು. ಕೊನೆಯ ಎರಡು ಸುತ್ತಿನಲ್ಲಿ ದಾಟಬಹುದು, ದಾಟಲೇಬೇಕು. ಹತ್ತು ಸುತ್ತು ಬಾಕಿ ಇರುವಾಗ ದಾಟಿದರೆ ಆ ಐದು ಸೆಕೆಂಡಿನ ಲಾಭವನ್ನು ಮುಂದಿನ ಸುತ್ತುಗಳು ಬಡ್ಡಿ ಸಮೇತ ವಸೂಲಿ ಮಾಡುತ್ತವೆ. ಬೆನ್ನು ಹತ್ತಿದ ನಾಲ್ವರಲ್ಲಿ ಇಬ್ಬರು, ಎರಡನೇ ಲೇನ್‌ನವಳೂ ಸೇರಿ, ಇಪ್ಪತ್ತನೇ ಸುತ್ತಿನ ಹೊತ್ತಿಗೆ ಹಿಂದಕ್ಕೆ ಬರತೊಡಗಿದರು. ನನ್ನವಳು ವೇಗ ಹೆಚ್ಚಿಸದೆಯೇ ಇಬ್ಬರನ್ನೂ ದಾಟಿದಳು. ಕೊನೆಯ ಸುತ್ತಿನ ಗಂಟೆ ಹೊಡೆದಾಗ ಮೂರನೆಯವಳಿಗೂ ಇವಳಿಗೂ ಇಪ್ಪತ್ತು ಮೀಟರ್ ಇತ್ತು, ಕೊನೆಯ ನೇರದಲ್ಲಿ ಐದು, ಗೆರೆಯಲ್ಲಿ ಎರಡು. ನಾಲ್ಕನೇ ಸ್ಥಾನ. ಜೀವನದಲ್ಲಿ ಮೊದಲ ಸಲ 37 ನಿಮಿಷದ ಒಳಗೆ.

"ಅಯ್ಯೋ, ನಾಲ್ಕನೇದಾ! ಸ್ವಲ್ಪ ಮುಂಚೆ ಜೋರಾಗಿ ಓಡಿದ್ರೆ ಪದಕ ಬರ್ತಿತ್ತು. ಅದಕ್ಕೇ ನಾನು ಕೇಳಿದ್ದು," ಅಂದರು ಮಹಾಶಯರು.

ಅವರು ಕೇಳಬಹುದಾಗಿದ್ದ ಪ್ರಶ್ನೆ ಬೇರೆಯಿತ್ತು. ಈಗ ಕೆಳಗೆ ಹೋಗಿ ಆ ನಾಲ್ಕನೆಯವಳಿಗೆ ಏನು ಹೇಳ್ತೀರಿ? ಇಷ್ಟು ವರ್ಷದಲ್ಲಿ ಇದನ್ನು ಒಬ್ಬರೂ ಕೇಳಿಲ್ಲ, ಆದ್ದರಿಂದ ಕೇಳದೆಯೇ ಹೇಳುತ್ತೇನೆ.

ದೂರದ ಓಟದಲ್ಲಿ ಬಹುಪಾಲು ಜನ ಸೋಲುತ್ತಾರೆ. ಇಪ್ಪತ್ತು ಚಿಲ್ಲರೆ ಜನ ಹೊರಟರೆ ಪದಕ ಮೂವರಿಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಗಂಡಸರ 10,000 ಮೀಟರ್ ನೋಡಿ: ಜೋಶುವಾ ಚೆಪ್ಟೆಗೈ 26 ನಿಮಿಷ 43.14 ಸೆಕೆಂಡಿನಲ್ಲಿ ಗೆದ್ದ. ಅಲ್ಲಿಯವರೆಗಿನ ಒಲಿಂಪಿಕ್ ದಾಖಲೆ 27:01.17, 2008ರಲ್ಲಿ ಕೆನೆನಿಸಾ ಬೆಕೆಲೆ ಬರೆದದ್ದು. ಆ ಒಂದೇ ರಾತ್ರಿ ಹದಿಮೂರು ಮಂದಿ ಅದನ್ನು ಮುರಿದರು. ಅಂದರೆ ಹತ್ತು ಮಂದಿ ಹಳೆಯ ಒಲಿಂಪಿಕ್ ದಾಖಲೆಗಿಂತ ವೇಗವಾಗಿ ಓಡಿ ಬರಿಗೈಲಿ ಮನೆಗೆ ಹೋದರು. ಆ ಹತ್ತು ಮಂದಿಯ ಕೋಚ್‌ಗಳು ಅವತ್ತು ಏನು ಮಾತಾಡಿದರು ಎಂಬುದು ನನಗೆ ಚಿನ್ನದ ಪದಕಕ್ಕಿಂತ ಕುತೂಹಲದ ವಿಷಯ.

ಪಾಲ್ ಟರ್ಗಟ್ ಇದ್ದಾನಲ್ಲ, ಕೀನ್ಯಾದವನು, ಅವನನ್ನು ಯೋಚಿಸಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ 10,000 ಮೀಟರ್‌ನಲ್ಲಿ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿಗೆ ಎರಡನೆಯವನು. 1997, 1999ರ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಅವನಿಗೇ ಎರಡನೆಯವನು. 2000ದ ಸಿಡ್ನಿಯಲ್ಲಿ 25 ಸುತ್ತು ಓಡಿದ ಮೇಲೆ ಇಬ್ಬರ ನಡುವೆ ಇದ್ದದ್ದು 0.09 ಸೆಕೆಂಡ್, ಅದೇ ಕೂಟದ ಗಂಡಸರ 100 ಮೀಟರ್‌ನ ಮೊದಲಿಬ್ಬರ ನಡುವಿನ ಅಂತರಕ್ಕಿಂತ ಕಡಿಮೆ. ಮತ್ತೆ ಎರಡನೆಯವನು. ಇದೇ ಮನುಷ್ಯ 1995ರಿಂದ 1999ರವರೆಗೆ ಸತತ ಐದು ಸಲ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್. 2003ರಲ್ಲಿ ಬರ್ಲಿನ್‌ನಲ್ಲಿ 2:04:55 ಓಡಿ ಮ್ಯಾರಥಾನ್ ವಿಶ್ವದಾಖಲೆ ಬರೆದ. ಇಲ್ಲಿಗೆ ಕಥೆ ನಿಲ್ಲಿಸಿದರೆ ಸೋತವರಿಗೆ ಹೇಳಲು ಚೆಂದ. ಆದರೆ 2007ರಲ್ಲಿ ಅದೇ ಬರ್ಲಿನ್‌ನಲ್ಲಿ ಆ ದಾಖಲೆಯನ್ನೂ ಮುರಿದವನು ಯಾರು? ಅದೇ ಗೆಬ್ರೆಸೆಲಾಸಿ, 2:04:26. ಹಾಗಾಗಿ "ಕಷ್ಟಪಟ್ಟರೆ ಒಂದು ದಿನ ನಿನ್ನದೇ" ಎಂಬ ಮಾತನ್ನು ನಾನು ಯಾವ ಓಟಗಾರರಿಗೂ ಹೇಳುವುದಿಲ್ಲ.

ಅವತ್ತು ಕೆಳಗೆ ಹೋದಾಗ ಅವಳು ಹುಲ್ಲಿನ ಮೇಲೆ ಕೂತು ಸ್ಪೈಕ್ ಶೂ ಬಿಚ್ಚಲು ಒದ್ದಾಡುತ್ತಿದ್ದಳು, ಬೆರಳು ನಡುಗಿ ಲೇಸಿನ ಗಂಟು ಸಿಗುತ್ತಿರಲಿಲ್ಲ. ಗಂಟು ಬಿಚ್ಚಿಕೊಟ್ಟೆ. ಸಮಾಧಾನ ಮಾಡಲಿಲ್ಲ, ಶಹಬ್ಬಾಸ್ ಕೂಡ ಅನ್ನಲಿಲ್ಲ. "ಹದಿನೈದನೇ ಸುತ್ತಲ್ಲಿ ಯಾಕೆ ಹೋಗ್ಲಿಲ್ಲ?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು, ಅವಳ ಬಾಯಲ್ಲಿ ಬೇಕಿತ್ತು. "ಹೋಗಿದ್ರೆ ಇಪ್ಪತ್ತರಲ್ಲಿ ಸಾಯ್ತಿದ್ದೆ ಸರ್," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಇಪ್ಪತ್ತೆರಡರಲ್ಲಿ ಹೋಗ್ಬೇಕಿತ್ತು. ಕಾಲಿತ್ತು. ಹೆದರ್ಕೊಂಡೆ." ಚೀಟಿ ನೋಡಿದೆ. ಇಪ್ಪತ್ತೆರಡನೇ ಸುತ್ತು 88. ಅವಳು ಹೇಳಿದ್ದು ಸರಿಯಿತ್ತು, ಮುಂದಿನ ಎರಡು ತಿಂಗಳು ಏನು ಮಾಡಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು: ದಣಿದ ಕಾಲಲ್ಲಿ, ಅಭ್ಯಾಸದ ಕೊನೆಯಲ್ಲಿ, ವೇಗ ಬದಲಾಯಿಸುವ ಸುತ್ತುಗಳು. ಆ ಸುತ್ತುಗಳನ್ನು ಅವಳು ಮನಸಾರೆ ದ್ವೇಷಿಸುತ್ತಾಳೆ, ತಪ್ಪಿಸಿಕೊಂಡಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಬರುವ ಮುಂದಿನ ಮಾತೂ ನನಗೆ ಬಾಯಿಪಾಠ. ದನಿ ತಗ್ಗುತ್ತದೆ, "ಸರ್, ನಮ್ಮ ಹುಡುಗ ಚೆನ್ನಾಗಿ ಓಡ್ತಾನೆ, ಒಂದ್ಸಲ ನೋಡ್ತೀರಾ?" ನೋಡುತ್ತೇನೆ, ಕರೆದುಕೊಂಡು ಬನ್ನಿ. ಮೊದಲ ಎರಡು ತಿಂಗಳು ಅವನನ್ನು ಟ್ರ್ಯಾಕಿಗೆ ಇಳಿಸುವುದಿಲ್ಲ, ಮಣ್ಣಿನ ದಾರಿಯಲ್ಲಿ ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ ಓಡಿಸುತ್ತೇನೆ. ಅಪ್ಪಂದಿರು ಬೇಲಿಯ ಆಚೆ ನಿಂತು ಇಷ್ಟಕ್ಕೆ ಕೋಚ್ ಯಾಕೆ ಎಂದು ಒಬ್ಬರಿಗೊಬ್ಬರು ಕೇಳಿಕೊಳ್ಳಬಹುದು, ನನ್ನನ್ನು ಕೇಳಬೇಡಿ. ಬರುವಾಗ ಸ್ಟಾಪ್‌ವಾಚ್ ಮನೆಯಲ್ಲೇ ಬಿಟ್ಟು ಬನ್ನಿ.